ಉಪವಾಸದ ತೊಟ್ಟಿಗೆ ಚರಗ ಚೆಲ್ಲಿದ ಸಾತವ್ವ

ಕೊಲ್ಹಾರದ ಹಿನ್ನೀರಿನ ಮೇಲಿಂದ ಬೀಸುವ ಗಾಳಿ ಫೆಬ್ರವರಿಯಲ್ಲೂ ಕಿವಿ ಕೊರೆಯುತ್ತಿದೆ. ಸೂರ್ಯ ಇನ್ನೂ ಮೂಡಿಲ್ಲ. ಸೇತುವೆಯ ಮೇಲೆ ಲಾರಿಗಳ ದೀಪ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಸಾತವ್ವ ಸೀರೆಯ ನಿರಿಗೆ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಹಳೆಯ ಟವೆಲ್ ಸುತ್ತಿ, ಚಪ್ಪಲಿಯನ್ನು ತಂತಿಬೇಲಿಯ ಹೊರಗೇ ಬಿಟ್ಟು ಒಳಗೆ ಬರುತ್ತಾರೆ. ಉದ್ದನೆಯ ಬಿದಿರಿನ ತುದಿಗೆ ತಗಡು ಬಡಿದ ಹುಟ್ಟೊಂದು ಅವರ ಕೈಯಲ್ಲಿದೆ. ಮೊದಲ ತೊಟ್ಟಿಯ ಅಂಚಿನಲ್ಲಿ ನಿಂತು ಅದನ್ನು ತಳಕ್ಕೆ ಮುಟ್ಟಿಸಿ ನಿಧಾನವಾಗಿ ಎಳೆಯುತ್ತಾರೆ. ರಾತ್ರಿಯೆಲ್ಲ ತಳದಲ್ಲಿ ಕೂತಿದ್ದ ಹಸಿರು ಎದ್ದು ನೀರಿಗೆಲ್ಲ ಹರಡುತ್ತದೆ.

"ಬಿಸಲ ಬೀಳೂದರಾಗ ಎಬ್ಬಿಸಬೇಕ್ರಿ. ಹಂಗ ತಳಾ ಹಿಡದ ಮಲಗಿದ್ರ ಕೆಳಗಿನವಕ್ಕ ಬೆಳಕ ಸಿಗೂದಿಲ್ಲ, ನಾರಾಕ ಹತ್ತತಾವ," ಎನ್ನುತ್ತಾರೆ ಸಾತವ್ವ, ಕೈ ನಿಲ್ಲಿಸದೆ.

ತೊಟ್ಟಿ ಕಲಕುವುದಕ್ಕೆ ಇಲ್ಲಿ ಮೋಟಾರಿನ ಚಕ್ರಗಳಿವೆ. ಉದ್ಘಾಟನೆಯ ದಿನ ಹೂವಿನ ಹಾರ ಹಾಕಿಸಿಕೊಂಡ ಚಕ್ರಗಳು ಅವು. ಆದರೆ ಹೊತ್ತು ಮೂಡುವ ವೇಳೆಗೆ ಇಲ್ಲಿ ಕರೆಂಟಿರುವುದಿಲ್ಲ. ಲೋಡ್ ಶೆಡ್ಡಿಂಗ್ ಮುಗಿದು ಅದು ಬರುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿರುತ್ತದೆ. ಹಾಗಾಗಿ ಮೂರು ತೊಟ್ಟಿಗಳನ್ನೂ ಸಾತವ್ವ ಕೈಯಿಂದಲೇ ಕಲಕುತ್ತಾರೆ. ಒಂದೊಂದು ತೊಟ್ಟಿಯೂ ರಾಶಿ ಮಾಡುವ ಕಣದಷ್ಟು ಅಗಲ, ಮೊಣಕಾಲಿನಷ್ಟು ಆಳ. ಆಮೇಲೆ ಕೊಡಗಟ್ಟಲೆ ನೀರು ಹೊತ್ತು ತಂದು, ಬಟ್ಟೆಯಲ್ಲಿ ಸೋಸಿ, ಹಿಂದಿನ ದಿನ ಆರಿಹೋದಷ್ಟನ್ನು ತುಂಬಬೇಕು. ಬಿದ್ದ ಹುಳ, ಎಲೆ, ಕೊಕ್ಕರೆಯ ಪುಕ್ಕ ತೆಗೆಯಬೇಕು. ಇಷ್ಟೆಲ್ಲ ಮುಗಿಸಿ, ಸಾಹೇಬರುಗಳ ಜೀಪು ಗೇಟಿಗೆ ಬರುವ ಹೊತ್ತಿಗೆ ಸಾತವ್ವ ಕಸಬರಿಗೆ ಹಿಡಿದು ಅಂಗಳದಲ್ಲಿ ನಿಂತಿರುತ್ತಾರೆ. ಏಕೆಂದರೆ ಈ ಸಂಸ್ಥೆಯ ಪ್ರಕಾರ ಅವರು ಕಸ ಗುಡಿಸುವವರು. ತೊಟ್ಟಿಯ ಹತ್ತಿರ ಹೋಗುವುದಕ್ಕೆ ಅವರಿಗೆ ಅಪ್ಪಣೆಯೇ ಇಲ್ಲ.

ಮೊದಲು ಕೇಳಿದಾಗ ನನಗೆ ನಗು ಬಂತು. ಪೂರ್ತಿ ಕೇಳಿದ ಮೇಲೆ ಮೈ ಉರಿಯಿತು. ಬರುವ ಯುಗಾದಿಯಿಂದ ಇಲ್ಲಿ ಹೊಸ ತೊಟ್ಟಿಗಳು ಶುರುವಾಗುತ್ತವೆ, ಅವನ್ನು ನೋಡಿಕೊಳ್ಳುವ ಆಳುಗಳನ್ನು ಕಾಯಂ ಮಾಡಿಕೊಳ್ಳುತ್ತಾರೆ. ಶುರುವಿನಿಂದಲೂ ಚಳಿಯೆನ್ನದೆ ಗಾಳಿಯೆನ್ನದೆ ಹುಟ್ಟು ಎಳೆದ ಸಾತವ್ವನಿಗೆ ಮಾತ್ರ ಅಂದಿನಿಂದ ಗೇಟು ಬಂದ್. ಅವರು ಹಿಂದೆ ಒಂದು ತಪ್ಪು ಮಾಡಿದ್ದಾರಂತೆ. ಆ ತಪ್ಪು ಯಾವುದು, ಅದರಿಂದ ಉದ್ಧಾರವಾದವರು ಯಾರು ಎಂಬುದನ್ನು ಹೇಳಲಿಕ್ಕಾಗಿಯೇ ಈ ವಾರದ ಈ ಬರಹ.

ಸಂಸ್ಥೆಯ ಹೆಸರು ಬರೆಯುವುದಿಲ್ಲ. ಬರೆದರೆ ಅದಕ್ಕೂ ಪುಕ್ಕಟೆ ಪ್ರಚಾರ ಸಿಕ್ಕೀತು. ಡೀಸೆಲ್ ಬೆಲೆ ಏರಿ ಎಲ್ಲರೂ ಹೊಂಗೆ, ಜತ್ರೋಪಾ ಎಂದು ಓಡಾಡುತ್ತಿದ್ದ ಕಾಲದಲ್ಲಿ, 2006ರಲ್ಲಿ, ಇದು ಇಲ್ಲಿಗೆ ಬಂತು. ಕಣ್ಣಿಗೆ ಒಂದೊಂದಾಗಿ ಕಾಣದಷ್ಟು ಸಣ್ಣ ಪಾಚಿಯನ್ನು ಬೆಳೆದು ಅದರಿಂದ ಎಣ್ಣೆ ತೆಗೆಯುವುದು ಇದರ ಕೆಲಸ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲ್ಲೂಕಿನ ಪಂಪ್‌ಸೆಟ್ಟುಗಳು ಇನ್ನು ಮುಂದೆ ಪಾಚಿ ಎಣ್ಣೆಯಲ್ಲೇ ಓಡುತ್ತವೆ ಎಂದು ಉದ್ಘಾಟನೆಯ ದಿನ ಭಾಷಣವಾಯಿತು. ಚಪ್ಪಾಳೆ ಹೊಡೆದವರಲ್ಲಿ ನಾನೂ ಇದ್ದೆ. ಇವತ್ತಿನವರೆಗೆ ಒಂದು ಪಂಪ್‌ಸೆಟ್ಟೂ ಓಡಿಲ್ಲ; ಇರಲಿ, ವಿಜ್ಞಾನಕ್ಕೆ ಸಮಯ ಬೇಕು, ಅದಕ್ಕೆ ನನ್ನ ತಕರಾರಿಲ್ಲ.

ಸಾತವ್ವ ಹುಟ್ಟಿದ್ದು ಹೂವಿನ ಹಿಪ್ಪರಗಿಯಲ್ಲಿ, ಕುರಿ ಕಾಯುವವರ ಮನೆಯಲ್ಲಿ. ಮದುವೆಯಾಗಿ ಬಂದದ್ದು ಹಳೇ ಕೊಲ್ಹಾರಕ್ಕೆ. ಗಂಡ ಅಮಸಿದ್ದನಿಗೆ ಕುರಿ ಹಿಂಡಿತ್ತು, ನದಿಯ ದಂಡೆಗೆ ತುಂಡು ಹೊಲವಿತ್ತು. ಅಣೆಕಟ್ಟಿನ ನೀರು ಏರಿದಾಗ ಹೊಲ ಹೋಯಿತು, ಮೇಯಿಸುವ ಜಾಗ ಹೋಯಿತು, ಮೇವಿಲ್ಲದ ಕುರಿಗಳನ್ನು ಸಂತೆಗೆ ಹೊಡೆದರು. ಅಮಸಿದ್ದ ಈಗ ಬೇರೆಯವರ ಕುರಿಗಳ ಹಿಂದೆ ತಿಂಗಳುಗಟ್ಟಲೆ ತಿರುಗುತ್ತಾರೆ. ಸಂಸ್ಥೆಯವರು ಕೂಲಿಗೆ ಜನ ಹುಡುಕಿಕೊಂಡು ಮುಳುಗಡೆಯವರ ಹೊಸ ಊರಿಗೆ ಬಂದಾಗ ಗಂಡಸರು, ಹಾವಸೆ ಸಾಕುವ ಕೆಲಸವೇ ಎಂದು ಮೀಸೆಯಡಿ ನಕ್ಕರು. ಪಾಚಿಗೆ ನಮ್ಮ ಕಡೆ ಹಾವಸೆ ಎನ್ನುತ್ತಾರೆ. ಬಾವಿಯ ಮೆಟ್ಟಿಲ ಮೇಲೆ ಬೆಳೆದು ಕಾಲು ಜಾರಿಸುವ ವಸ್ತು ಅದು, ಯಾರೂ ಸಾಕುವುದಿಲ್ಲ. ಸಾತವ್ವ ಒಬ್ಬರೇ ಹೋದರು.

"ಯಾವೂರರಿ ನಿಮ್ಮದು?" ಎಂದು ಅವರು ನನ್ನನ್ನೂ ಕೇಳಿದರು. ಇಂಗಳೇಶ್ವರ ಎಂದೆ. "ಹಂಗಾರ ನಮ್ಮವನ ಅದಿ, ತಮ್ಮಾ," ಎಂದು ಅಲ್ಲಿಂದ ಏಕವಚನಕ್ಕೆ ಇಳಿದರು. "ನೀನ ಹೇಳು. ಕುರಿ ಉಪಾಸ ಕೆಡವಿದ್ರ ಎಲವು ಕಾಣತಾವು. ಇವನ್ನ ಉಪಾಸ ಕೆಡವಿದ್ರ ಎಣ್ಣಿ ಹಿಡೀತಾವ ಅಂದ್ರು. ನಾ ಹ್ಯಾಂಗ ನಂಬಲಿ?"

ನಂಬುವುದು ನನಗೂ ಕಷ್ಟವಾಯಿತು. ಇಲ್ಲಿ ಸಂಶೋಧನೆ ಮಾಡುವ ಸಿಂದಗಿಯ ಹುಡುಗಿ ಶೈಲಶ್ರೀ ಕೂಡಿಸಿಕೊಂಡು ಬಿಡಿಸಿ ಹೇಳಿದರು. ಪಾಚಿಯ ಕಣ ಬೆಳೆದು ಎರಡಾಗಬೇಕಾದರೆ ಸಾರಜನಕ ಬೇಕು. ಅದಕ್ಕಾಗಿ ತೊಟ್ಟಿಗೆ ಯೂರಿಯಾ ಹಾಕುತ್ತಾರೆ. ಯೂರಿಯಾ ನಿಲ್ಲಿಸಿದರೆ ಬೆಳವಣಿಗೆ ನಿಲ್ಲುತ್ತದೆ. ಆದರೆ ಬಿಸಿಲು ನಿಲ್ಲುವುದಿಲ್ಲವಲ್ಲ. ಬಿಸಿಲಿನಿಂದ ಬಂದ ಶಕ್ತಿಯನ್ನು ಮೈ ಬೆಳೆಸಲು ಬಳಸಲಾಗದೆ ಕಣವು ಎಣ್ಣೆಯ ಹನಿಗಳಾಗಿ ಒಳಗೇ ಕೂಡಿಡುತ್ತದೆ. ಅದೇ ಹೊತ್ತಿಗೆ ಇನ್ನೊಂದು ಕೆಲಸವೂ ನಡೆಯುತ್ತದೆ. ಹೊರಗಿನಿಂದ ಸಿಗದ ಸಾರಜನಕಕ್ಕಾಗಿ ಅದು ತನ್ನದೇ ಹಳೆಯ ಭಾಗಗಳನ್ನು, ತನ್ನನ್ನು ಹಸಿರಾಗಿಸಿದ ಭಾಗಗಳನ್ನೂ, ಒಡೆದು ಜೀರ್ಣಿಸಿಕೊಳ್ಳುತ್ತದೆ. ಇದಕ್ಕೆ ಸ್ವಭಕ್ಷಣೆ ಎಂದು ಹೆಸರು. ಆಗ ತೊಟ್ಟಿಯ ಹಸಿರು ಹಳದಿಗೆ ತಿರುಗುತ್ತದೆ.

"ಬರಗಾಲದಾಗ ಮನಿ ಬಾಗಲಾ ಮುರದು ಒಲಿಗೆ ಹಾಕ್ದಂಗ ಸರ್," ಎಂದರು ಶೈಲಶ್ರೀ. "ಸ್ವಲ್ಪ ದಿವಸ ಬದುಕತಾವು. ಅಷ್ಟರಾಗ ಊಟ ಕೊಟ್ರ ಎಣ್ಣಿ ಕರಗಿಸಿ ಮತ್ತ ಹಸರಾಗತಾವು. ಕೊಡಲಿಲ್ಲಂದ್ರ ತೊಲಿ ಜಂತಿನೂ ಮುರೀತಾವು, ಆಮ್ಯಾಲ ಮನೀನ ಇರೂದಿಲ್ಲ." ಎಷ್ಟು ದಿನ ಉಪವಾಸ ಕೆಡವಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೇ ಈ ವಿದ್ಯೆಯ ಗುಟ್ಟಂತೆ.

ಈಗ ತಪ್ಪಿನ ಕಥೆಗೆ ಬರುತ್ತೇನೆ. ಹೋದ ವರ್ಷದ ಜನವರಿಯಲ್ಲಿ ಮೂರೂ ತೊಟ್ಟಿಗಳನ್ನು ಉಪವಾಸಕ್ಕೆ ಹಾಕಿದ್ದರು. ದೊಡ್ಡ ಅಧಿಕಾರಿಗಳು ಬಂದು ಎಣ್ಣೆ ನೋಡುವವರಿದ್ದರು. ನಡುವೆ ಎಳ್ಳಮಾವಾಸ್ಯೆ ಬಂತು. ನಮ್ಮ ಸೀಮೆಯವರಿಗೆ ಅದು ಏನೆಂದು ಹೇಳಬೇಕಿಲ್ಲ. ಬೇರೆ ಕಡೆಯ ಓದುಗರಿಗಾಗಿ ಎರಡು ಮಾತು. ಅಂದು ಸಜ್ಜೆ ರೊಟ್ಟಿ, ಜೋಳದ ಕಡುಬು, ಶೇಂಗಾ ಹೋಳಿಗೆ, ಪುಂಡಿ ಪಲ್ಯ ಕಟ್ಟಿಕೊಂಡು ಇಡೀ ಊರು ಹೊಲಕ್ಕೆ ಹೋಗುತ್ತದೆ. ತಾವು ಉಣ್ಣುವ ಮೊದಲು ಅಡುಗೆಯನ್ನೆಲ್ಲ ಕಲಸಿ "ಹುಲ್ಲುಲ್ಲಿಗೋ, ಚಲಾಂಬರಿಗೋ" ಎಂದು ಕೂಗುತ್ತಾ ಬೆಳೆಯ ಸುತ್ತ ಚೆಲ್ಲುತ್ತಾರೆ. ಅದೇ ಚರಗ. ಹೊಟ್ಟೆಯಲ್ಲಿ ತೆನೆ ಹೊತ್ತ ಬೆಳೆಗೆ ಅಂದು ಉಣ್ಣಿಸದೆ ಯಾರೂ ತುತ್ತು ಎತ್ತುವುದಿಲ್ಲ.

ಸಾತವ್ವನ ಹೊಲ ನೀರಿನಡಿ ಇದೆ. ಅಂದು ಸಾಹೇಬರುಗಳಿಗೆಲ್ಲ ರಜೆ. ಒಳಗಿದ್ದದ್ದು ಸಾತವ್ವ ಮತ್ತು ವಾಚ್‌ಮನ್ ಗುಡುಸಾಬ ಮಾತ್ರ. ಬುಟ್ಟಿಯಲ್ಲಿ ಅಡುಗೆ ತಂದಿದ್ದ ಸಾತವ್ವ, ಮೊದಲ ತೊಟ್ಟಿಯ ಮೂಲೆಗಳಲ್ಲಿ ಒಂದಿಷ್ಟು ಕಡುಬು ಮುರಿದಿಟ್ಟರು. ಆಮೇಲೆ ಪಕ್ಕದ ಡ್ರಮ್ಮಿನಿಂದ ಯೂರಿಯಾ ಬೊಗಸೆ ಬೊಗಸೆಯಾಗಿ ತೆಗೆದು, ಚರಗದ ಕೂಗು ಹಾಕುತ್ತಾ ತೊಟ್ಟಿಗೆ ಚೆಲ್ಲಿದರು.

"ಮೂರು ತೊಟ್ಟಿನೂ ಹಳದಿ ಮಾರಿ ಮಾಡಕೊಂಡ ನಿಂತಿದ್ವು," ಎನ್ನುತ್ತಾರೆ ಅವರು. "ವರ್ಷಕ್ಕೊಂದ ಹಬ್ಬ. ಹುಳಾ ಹುಪ್ಪಡಿಗೆ ಸೈತ ಹಾಕತೇವಿ, ನನ್ನ ಕೈಯಾಗಿನವು ಉಪಾಸ ಇರಬೇಕೇನು? ಅವು ಕಡಬು ತಿನ್ನೂದಿಲ್ಲ ಅನ್ನೂದು ನನಗ ಗೊತ್ತಿತ್ತು. ಅವುಕ್ಕ ಹೋಳಿಗಿ ಅಂದ್ರ ಯೂರಿಯಾನ ಅಲ್ಲನೂ!"

ಗುಡುಸಾಬ ಗೇಟಿನ ಹತ್ತಿರ ಕೂತು ಸಾತವ್ವ ಕೊಟ್ಟ ಹೋಳಿಗೆಯನ್ನೇ ತಿನ್ನುತ್ತಿದ್ದರಂತೆ. "ಕೂಗ ಕೇಳಿ ತಿರಗಿ ನೋಡಿದ್ನಿ," ಎನ್ನುತ್ತಾರೆ. "ಯಬೇ, ಏನ ಮಾಡಾಕತ್ತೀಬೇ, ಸಾಹೇಬ ಕೊಲ್ತಾನ ನಿನ್ನ ಅಂತ ಓಡಿ ಬಂದ ಕೈ ಹಿಡದ್ನಿ." ಅಷ್ಟರಲ್ಲಿ ಒಂದು ತೊಟ್ಟಿಗೆ ಊಟವಾಗಿತ್ತು. ಉಳಿದ ಎರಡಕ್ಕೆ ಆಗಲಿಲ್ಲ. ಯಾರಿಗೂ ಹೇಳಬೇಡ, ನಾನೂ ಹೇಳುವುದಿಲ್ಲ ಎಂದು ಗುಡುಸಾಬ ಆಣೆ ಹಾಕಿದರು. ಆದರೆ ಒಂದು ತೊಟ್ಟಿ ಮಾತ್ರ ಹಸಿರಾಗತೊಡಗಿದಾಗ ಸಾಹೇಬರು ಕೇಳಿದರು, ಸಾತವ್ವ ಹೇಳಿಬಿಟ್ಟರು.

ಸಾತವ್ವನಿಗೆ ಒಳಗಿನ ವಿಜ್ಞಾನವೆಲ್ಲ ಗೊತ್ತಿತ್ತು, ಬೇಕೆಂದೇ ಮಾಡಿದರು ಎಂದು ನಾನು ಬರೆದರೆ ಸುಳ್ಳಾಗುತ್ತದೆ. ಅವರಿಗೆ ಗೊತ್ತಿರಲಿಲ್ಲ. ಮಾಡಿದ್ದು ತಪ್ಪೇ. ಅಧಿಕಾರಿಗಳಿಗೆ ತೋರಿಸಬೇಕಾದ ಎಣ್ಣೆಯಲ್ಲಿ ಒಂದು ಪಾಲನ್ನು ಪಾಚಿ ತಾನೇ ಕರಗಿಸಿಕೊಂಡಿತು. ಯೋಜನೆಯ ಮುಖ್ಯಸ್ಥರಾದ ಬಸಂತರಾಯರು ಎಲ್ಲರೆದುರು ಸಾತವ್ವನನ್ನು ಬೈದು, ಇಡೀ ಯೋಜನೆಗೆ ಮಣ್ಣು ಹಾಕಿದೆ ಎಂದು ಅದೇ ಮಧ್ಯಾಹ್ನ ಮನೆಗೆ ಕಳಿಸಿದರು. ಕೆಟ್ಟ ತೊಟ್ಟಿಯನ್ನು ಖಾಲಿ ಮಾಡಿ ಎಂದು ಆಜ್ಞೆ ಮಾಡಿದರು. ಖಾಲಿ ಮಾಡುವ ಕೆಲಸ ಯಾರದು? ಸಾತವ್ವನದು. ಅವರನ್ನೇ ಹೊರಗೆ ಹಾಕಿದ್ದರಿಂದ ತೊಟ್ಟಿ ಹಾಗೇ ಉಳಿಯಿತು. ಗುಡುಸಾಬ ಗಸ್ತಿಗೆ ಹೋದಾಗ ನೆನಪಾದರೆ ಕೋಲಿನಿಂದ ಒಮ್ಮೆ ಕಲಕುತ್ತಿದ್ದರು.

ಅಧಿಕಾರಿಗಳು ಹೇಳಿದ ದಿನಕ್ಕೆ ಬರಲಿಲ್ಲ. ಮುಂದಿನ ವಾರ ಎಂದರು, ಆಗಲೂ ಬರಲಿಲ್ಲ. ಉಳಿದೆರಡು ತೊಟ್ಟಿಗಳಿಗೆ ಇನ್ನು ಊಟ ಕೊಡಬೇಕು, ಇಲ್ಲವೇ ಈಗಲೇ ಸೋಸಿ ಎಣ್ಣೆ ತೆಗೆಯಬೇಕು ಎಂದು ಶೈಲಶ್ರೀ ಹೇಳಿದರು. ಬಸಂತರಾಯರು ಕೇಳಲಿಲ್ಲ. ಅಧಿಕಾರಿಗಳು ಕಣ್ಣಾರೆ ನೋಡಲಿ, ಇನ್ನಷ್ಟು ಹಸಿದರೆ ಇನ್ನಷ್ಟು ಎಣ್ಣೆ ಎಂದರು. ಹಳದಿ ತೊಟ್ಟಿಗಳು ಚಹಾದ ಬಣ್ಣಕ್ಕೆ ತಿರುಗಿದವು, ಮೇಲೆ ನೊರೆ ಕಟ್ಟಿತು, ಒಂದು ಬೆಳಗ್ಗೆ ಗೇಟಿನವರೆಗೆ ನಾತ ಬಂತು. ಎರಡೂ ಸತ್ತಿದ್ದವು.

ಇಷ್ಟೇ ಆಗಿದ್ದರೆ ಬೀಜದ ಪಾಚಿಯಿಂದ ಮತ್ತೆ ಬೆಳೆಸಬಹುದಿತ್ತು. ಮೊಸರಿಗೆ ಹೆಪ್ಪು ಇದ್ದಂತೆ ಅದನ್ನು ಒಳಗೆ ತಂಪು ಕೋಣೆಯ ಗಾಜಿನ ಶೀಸೆಗಳಲ್ಲಿ ಇಟ್ಟಿರುತ್ತಾರೆ. ಆ ವಾರ ಕರೆಂಟು ಹೋದದ್ದು ಎರಡು ದಿನ ಬರಲಿಲ್ಲ. ಜನರೇಟರ್ ಇತ್ತು, ಅದರಲ್ಲಿ ಡೀಸೆಲ್ ಇರಲಿಲ್ಲ. ನಾಲ್ಕು ತಾಲ್ಲೂಕಿಗೆ ಡೀಸೆಲ್ ಕೊಡಲು ಬಂದವರ ಜನರೇಟರಿನಲ್ಲಿ ಡೀಸೆಲ್ ಇರಲಿಲ್ಲ! ಬೀಗ ಹಾಕಿದ ಕೋಣೆಯ ಕತ್ತಲೆಯಲ್ಲಿ, ಧಗೆಯಲ್ಲಿ ಶೀಸೆಗಳೂ ಬಿಳಿಚಿಕೊಂಡವು. ಡೀಸೆಲ್ ತರಿಸಬೇಕಾದವರು ಯಾರು, ಅವರನ್ನು ಯಾರಾದರೂ ಎಲ್ಲರೆದುರು ನಿಲ್ಲಿಸಿ ಬೈದರೇ ಎಂದು ವಿಚಾರಿಸಿದೆ. ಯಾರೂ ಬೈದಿಲ್ಲ. ಅತ್ತೆ ಒಡೆದರೆ ಒಡಕು ಗಡಿಗೆ, ಸೊಸೆ ಒಡೆದರೆ ಹೊಸ ಗಡಿಗೆ.

ಹೀಗೆ ಆ ಆವರಣದಲ್ಲಿ ಜೀವ ಹಿಡಿದು ಉಳಿದದ್ದು ಸಾತವ್ವ ಕೆಡಿಸಿದ ತೊಟ್ಟಿಯೊಂದೇ. ಬೆಳಗಾಗುವುದರೊಳಗೆ ಕಲಕಲು, ಅದರ ನೀರು ಹೊತ್ತು ಉಳಿದ ತೊಟ್ಟಿಗಳಿಗೆ ಹೆಪ್ಪು ಹಾಕಲು ಜನ ಬೇಕಿತ್ತು. ಆಗ ಕರೆಸಿದ ಗುತ್ತಿಗೆಯ ಆಳುಗಳು ಹೊತ್ತೇರದೆ ಬರುತ್ತಿರಲಿಲ್ಲ. ಕೊನೆಗೆ ಬಸಂತರಾಯರೇ ಗುಡುಸಾಬನನ್ನು ಸಾತವ್ವನ ಮನೆಗೆ ಓಡಿಸಿದರು. ಯಾರಾದರೂ ಕೇಳಿದರೆ ಕಸ ಗುಡಿಸಲು ಬಂದಿದ್ದೇನೆ ಎನ್ನಬೇಕು ಎಂಬುದು ಕರಾರು. ನಾನಾಗಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಸಾತವ್ವ ಸೀರೆ ಮೇಲೆತ್ತಿ ಕಟ್ಟಿ ಹೊರಟರು.

ಯಾಕೆ ಹೋದಿರಿ ಎಂದು ಕೇಳಿದಾಗ ನನ್ನ ದನಿಯಲ್ಲಿ ಸಿಟ್ಟಿತ್ತು. ಅವರೂ ಸಿಟ್ಟಿನಿಂದಲೇ ಉತ್ತರಿಸಿದರು: "ಅವ ಬೈದಾನಂತ ಇವನ್ನ ಸಾಯಾಕ ಬಿಡಲೇನು? ಒಂದ ಮರಿ ಉಳದರ ಹಿಂಡ ಕಟ್ಟಬಹುದು. ಕುರಬರ ಮನಿಯಾಗ ಹುಟ್ಟೇನಿ ನಾ."

ಅಧಿಕಾರಿಗಳು ಕೊನೆಗೂ ಬಂದಾಗ ಮೊದಲ ತೊಟ್ಟಿ ದಟ್ಟ ಹಸಿರಾಗಿತ್ತು, ಉಳಿದೆರಡು ಚಿಗುರುತ್ತಿದ್ದವು. ಎಣ್ಣೆ ಎಲ್ಲಿ ಎಂದು ಅವರು ಕೇಳಿದರಂತೆ. ಬಸಂತರಾಯರು ಒಂದು ಕ್ಷಣವೂ ತಡವರಿಸಲಿಲ್ಲ. ಉಪವಾಸ ಬಿದ್ದ ಪಾಚಿಗೆ ಸರಿಯಾದ ಹೊತ್ತಿನಲ್ಲಿ ಆಹಾರ ಕೊಟ್ಟರೆ ಅದು ಹೇಗೆ ಮರಳಿ ಚೇತರಿಸಿಕೊಳ್ಳುತ್ತದೆ, ಕೊಡದಿದ್ದರೆ ಹೇಗೆ ಸಾಯುತ್ತದೆ ಎಂಬುದನ್ನು ತಾವು ಅಕ್ಕಪಕ್ಕದ ತೊಟ್ಟಿಗಳಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾಗಿ ವಿವರಿಸಿದರು. ಅಧಿಕಾರಿಗಳು ತಲೆದೂಗಿದರು. ಹೊಸ ತೊಟ್ಟಿಗಳಿಗೆ ಮಂಜೂರಾತಿ ಸಿಕ್ಕಿತು. ಬಿಜಾಪುರದ ಸಭೆಯೊಂದರಲ್ಲಿ ಬಸಂತರಾಯರಿಗೆ ಶಾಲು ಹೊದಿಸಿದರು. ಅಷ್ಟು ಹೊತ್ತು ಸಾತವ್ವ ಗೋಡೆಯ ಆಚೆ, ಅಡುಗೆ ಕೋಣೆಯ ಹಿಂದೆ ಕೂತಿದ್ದರು. ಅಧಿಕಾರಿಗಳ ಕಣ್ಣಿಗೆ ಬೀಳಕೂಡದು ಎಂದು ಅಲ್ಲಿ ಕೂಡಿಸಿದ್ದರು.

ಈ ವಿಷಯದ ಮೇಲೆ ಶೈಲಶ್ರೀ ಪ್ರಬಂಧ ಬರೆದಿದ್ದಾರೆ. ಕೃತಜ್ಞತೆಯ ಸಾಲಿನಲ್ಲಿ ಸಾತವ್ವನ ಹೆಸರು ಹಾಕಿದ್ದರಂತೆ. "ತಗೀರಿ ಅಂದ್ರು ಸರ್. ಕಸಾ ಹೊಡಿಯೋರ ಹೆಸರ ಹಾಕಿದ್ರ ನಗತಾರ ಅಂದ್ರು. ನಾನೂ ಟೆಂಪರರಿ, ತಗದೆ," ಎಂದು ಅವರು ತಲೆ ತಗ್ಗಿಸಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಈ ಪತ್ರಿಕೆಯಲ್ಲಿ ನನ್ನ ಹೆಸರು ಹಾಕಿರಿ ಎಂದು ಈಗ ಅವರೇ ಹೇಳಿದ್ದಾರೆ, ಅದಕ್ಕೂ ಧೈರ್ಯ ಬೇಕು.

ಬಸಂತರಾಯರನ್ನೂ ಕಂಡೆ. ಒಳ್ಳೆಯ ಚಹಾ ಕೊಟ್ಟರು, ಬಿಸ್ಕತ್ತು ಕೊಟ್ಟರು. ಸಾತವ್ವನನ್ನು ಕಾಯಂ ಮಾಡಿಕೊಳ್ಳುವುದಿಲ್ಲವೇ ಎಂದೆ.

"ಕನಿಕರ ಬೇರೆ, ವಿಜ್ಞಾನ ಬೇರೆ ನೋಡ್ರಿ," ಎಂದರು. "ಆಕೆ ನಡೆಯುತ್ತಿದ್ದ ಪ್ರಯೋಗವನ್ನು ಕೆಡಿಸಿದವಳು. ಅಂಥವರ ಕೈಗೆ ಹೊಸ ತೊಟ್ಟಿ ಹೇಗೆ ಕೊಡೋಣ?"

"ಆಕೆ ಏನು ಮಾಡಿದರು?"

"ಮೊದಲ ತೊಟ್ಟಿಗೆ ಯೂರಿಯಾ ಹಾಕಿದಳು."

"ನಿಮ್ಮ ಪ್ರಯೋಗದಲ್ಲಿ ಆಹಾರ ಕೊಟ್ಟು ಚೇತರಿಸಿದ ತೊಟ್ಟಿ ಯಾವುದು?"

"ಮೊದಲ ತೊಟ್ಟಿ."

"ಅದಕ್ಕೆ ಯೂರಿಯಾ ಹಾಕಿದವರು?"

"ಅದು ನಮ್ಮ ತಂಡದ ಕೆಲಸ," ಎಂದು ಬಿಸ್ಕತ್ತಿನ ತಟ್ಟೆಯನ್ನು ನನ್ನತ್ತ ಸರಿಸಿದರು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಎರಡು ಮಾತೂ ಒಂದೇ ಬಾಯಿಂದ ಬಂದವು ಎಂಬುದು ಅವರಿಗೆ ನಿಜಕ್ಕೂ ತಿಳಿಯಲಿಲ್ಲವೋ, ತಿಳಿದೂ ಆಡಿದರೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಎರಡನೆಯದಾಗಿದ್ದರೆ ಒಳ್ಳೆಯದು, ಕಳ್ಳನಿಗಾದರೂ ತಾನು ಕದ್ದದ್ದು ಗೊತ್ತಿರುತ್ತದೆ. ನಾನು ಚಹಾ ಅರ್ಧಕ್ಕೆ ಬಿಟ್ಟು ಎದ್ದೆ.

ಹೊಸ ತೊಟ್ಟಿಗಳಿಗೆ ಸಿಮೆಂಟು ಹಾಕುವ ಕೆಲಸ ನಡೆಯುತ್ತಿದೆ. ಅವುಗಳಿಗೂ ಹೆಪ್ಪು ಹೋಗುವುದು ಸಾತವ್ವ ದಿನವೂ ಕಲಕುವ ಆ ಮೊದಲ ತೊಟ್ಟಿಯಿಂದಲೇ. ಯುಗಾದಿಗೆ ಹೆಚ್ಚು ದಿನವಿಲ್ಲ. ಬಸಂತರಾಯರ ಮಾತನ್ನು ನಾನು ಹಾಗೇ ತಂದು ಅಂಗಳದಲ್ಲಿ ಕಸ ಗುಡಿಸುತ್ತಿದ್ದ ಸಾತವ್ವನಿಗೆ ಹೇಳಿದೆ. ಗುಡುಸಾಬ ಗೇಟು ಬಿಟ್ಟು ಹತ್ತಿರ ಬಂದು ನಿಂತು, "ಪೇಪರದಾಗ ಚೊಲೋತಂಗ ಬರೀರಿ ಸಾಹೇಬ್ರ, ಆಕಿದೇನೂ ತಪ್ಪಿಲ್ಲ ಅಂತ ಬರೀರಿ," ಎಂದರು.

ಸಾತವ್ವ ಕಸಬರಿಗೆಯನ್ನು ಗೋಡೆಗೆ ಒರಗಿಸಿದರು.

"ಹಂಗ ಬರೀಬ್ಯಾಡ, ತಮ್ಮಾ. ಯೂರಿಯಾ ಹಾಕಿದಾಕಿ ನಾನ. ತಪ್ಪ ನಂದ ಅಂತಾನಲ್ಲ, ನಂದ ಅಂತನ ಬರಿ. ಹಂಗಾರ ಆ ತೊಟ್ಟಿ ಹಸರಾದದ್ದೂ ನಂದ ಅಂತ ಬರಿ. ಕೊಟ್ರ ಎರಡೂ ಕೊಡಲಿ. ಬರೇ ತಪ್ಪ ಕೊಟ್ಟ ಕಳಸ್ತೇನಿ ಅಂದ್ರ, ನಾ ತಗೊಂಡ ಹೋಗಾಕಿ ಅಲ್ಲ."